ಹಗ್ಗದ ದೇವೀರಿಯ ಮೂರು ಪಾತ್ರೆ

ಒಂದಾನೊಂದು ಕಾಲ ಕಣೇ ಕೂಸೇ, ಎಷ್ಟು ಹಿಂದೆ ಅಂತ ಕೇಳಬೇಡ, ನಮ್ಮಜ್ಜಿಗೆ ಅವರಜ್ಜಿ ಹೇಳುವಾಗಲೇ ಅದು ಹಳೇ ಕಾಲವಾಗಿತ್ತಂತೆ. ಕಾಲು ಚಾಚಿ ಮಲಕ್ಕೋ, ಕಂಬಳಿ ಎಳಕ್ಕೋ, ನಡುನಡುವೆ ಹೂಂ ಅಂತಿರು. ಹೂಂ ಅನ್ನೋರಿಲ್ಲದೆ ಹೋದರೆ ಕತೆ ಎದ್ದು ಪಕ್ಕದ ಮನೆಗೆ ಹೋಗಿಬಿಡುತ್ತೆ, ಆಮೇಲೆ ನನ್ನ ಬೈಯಬೇಡ.

ಕತ್ತಾಳೆಕೊಪ್ಪಲು ಅಂತ ಒಂದು ಊರಿತ್ತಂತೆ. ಹೊಲದ ಬದುವಿನ ತುಂಬ ಕತ್ತಾಳೆ ಗಿಡ. ಆ ಊರಲ್ಲಿ ಮಾಯಣ್ಣ ಅನ್ನೋನು, ಅವನ ಹೆಂಡತಿ ದೇವೀರಿ, ಇಬ್ಬರೂ ಹಗ್ಗ ಹೊಸೆದು ಬಾಳುವೆ ಮಾಡ್ತಿದ್ದರಂತೆ. ಕತ್ತಾಳೆ ಪಟ್ಟೆ ಕುಯ್ದು ತಂದು, ಕೆರೆ ಮೂಲೇಲಿ ನೆನೆಹಾಕಿ, ಅದು ಕೊಳೆತು ಮೂಗು ಮುಚ್ಚಿಕೊಳ್ಳೋ ಹಾಗೆ ನಾತ ಹೊಡೆದ ಮೇಲೆ ಬಂಡೆ ಮೇಲೆ ಬಡಿದು, ತೊಳೆದು, ಬಿಸಿಲಿಗೆ ಹರವಿದರೆ ನನ್ನ ತಲೆಗೂದಲಿನ ಹಾಗೆ ಬೆಳ್ಳಗಿನ ನಾರು ಬರೋದಂತೆ. ಆ ನಾರಿನಿಂದ ಎತ್ತಿನ ಹಗ್ಗ, ಬಾವಿ ಹಗ್ಗ, ಕರು ಕಟ್ಟೋ ಕಣ್ಣಿ, ಕೂಸಿನ ತೊಟ್ಟಿಲ ಹಗ್ಗ, ಎಲ್ಲಾನೂ ಮಾಡೋರಂತೆ.

ಹಗ್ಗ ಹೊಸೆಯೋದು ಒಬ್ಬರ ಕೆಲಸ ಅಲ್ಲ ಕೂಸೇ. ಈ ತುದೀಲಿ ಒಬ್ಬರು ಕೂತು ನಾರಿಗೆ ಹುರಿ ಹಾಕೋ ತಿರುಗಣೆ ತಿರುಗಿಸ್ತಾ ಇರಬೇಕು, ಆ ತುದೀಲಿ ಇನ್ನೊಬ್ಬರು ಸೊಂಟಕ್ಕೆ ನಾರು ಕಟ್ಟಿಕೊಂಡು, ಎಳೆ ಎಳೆಯಾಗಿ ಬಿಡ್ತಾ ಹಿಂದುಹಿಂದಕ್ಕೆ ನಡೀಬೇಕು. ತಿರುಗಣೆ ದೇವೀರಿದು, ನಡೆಯೋದು ಮಾಯಣ್ಣಂದು. ಮನೆ ಮುಂದೆ ಹೊಂಗೆ ಮರದ ಸಾಲಿತ್ತಲ್ಲ, ಆ ಬೀದಿ ಉದ್ದಕ್ಕೂ ಅವನು ಹಿಂದಕ್ಕೆ ಹೋಗ್ತಾ ಹೋಗ್ತಾ ದೂರ ಆಗೋನು, ದೂರ ಆದಷ್ಟೂ ಇಬ್ಬರೂ ಗಂಟಲು ಏರಿಸಿ ಮಾತಾಡೋರು. ಇವತ್ತು ಏನೇ ಸಾರು ಅಂತ ಅವನು ಅಲ್ಲಿಂದ ಕೂಗೋದು, ಹುರುಳಿ ಬಸ್ಸಾರು ಅಂತ ಇವಳು ಇಲ್ಲಿಂದ, ನಿನ್ನೇನೂ ಅದೇ ಅಲ್ವಾ ಅಂತ ಅವನು, ನಿಮ್ಮವ್ವ ದಿನಾ ಕೋಳಿ ಕುಯ್ಯುತ್ತಿದ್ದಳೇನೋ ಅಂತ ಇವಳು. ಬೀದಿ ಬೀದಿನೇ ಕೇಳಿಸಿಕೊಂಡು ನಗೋದಂತೆ. ಅವರ ಮನೇಲಿ ಗುಟ್ಟು ಅನ್ನೋದೇ ಇರಲಿಲ್ಲವಂತೆ. ಎಂಥ ಚೆಂದದ ಕಾಲ ಅದು, ಈಗ ನೋಡು, ಪಕ್ಕದ ಮನೆಯವರು ಏನುಂಡರು ಅಂತ ನಮಗೆ ಗೊತ್ತಾ.

ಆಮೇಲೆ ಏನಾಯ್ತು ಅಂದರೆ, ಒಂದು ಮುಂಗಾರಲ್ಲಿ ಮಾಯಣ್ಣನಿಗೆ ಜ್ವರ ಬಂತಂತೆ. ಮೂರೇ ದಿನದ ಜ್ವರ. ಮೂರನೇ ದಿನ ಹೊತ್ತು ಹುಟ್ಟೋಕೆ ಮುಂಚೆ ಹೋಗಿಬಿಟ್ಟನಂತೆ. ಮಗಳು ಪುಟ್ನಂಜಿಗೆ ಇನ್ನೂ ನಾಲ್ಕು ವರ್ಷ. ದೇವೀರಿ ಅಳಲಿಲ್ಲವಂತೆ. ಜನ ಬಂದರು, ಹೋದರು, ಎಲ್ಲರೂ ಅತ್ತರು, ಇವಳು ಮಾತ್ರ ಕಲ್ಲಿನ ಹಾಗೆ ಕೂತಿದ್ದಳಂತೆ. ನಾನು ಅತ್ತರೆ ಮಗು ಹೆದರಿಕೊಳ್ಳುತ್ತೆ ಅಂತ ಮೊದಲನೇ ದಿನ ತಡಕೊಂಡಳು, ಆಮೇಲೆ ಅಳೋಣ ಅಂದರೂ ಬರಲಿಲ್ಲ, ಗಂಟಲಲ್ಲಿ ಮುದ್ದೆ ಸಿಕ್ಕಿಕೊಂಡ ಹಾಗೆ ನಿಂತುಬಿಡ್ತಂತೆ.

ಸಾವಿನ ಮನೇಲಿ ಮೂರು ದಿನ ಒಲೆ ಹಚ್ಚಂಗಿಲ್ಲವಲ್ಲ. ಮೊದಲನೇ ದಿನ ಎದುರು ಮನೆ ಸಾಕವ್ವ, ಅವಳು ಒಂಟಿ ಮುದುಕಿ, ಹಿತ್ತಾಳೆ ತಪ್ಪಲೆ ತುಂಬ ಅನ್ನ ತಂದುಕೊಟ್ಟಳಂತೆ. ಎರಡನೇ ದಿನ ಪಕ್ಕದ ಮನೆ ಮುನಿಯಕ್ಕ, ಆಡು ಸಾಕೋಳು, ಬಾಯಿ ಅಂದರೆ ಬಾಯಿ ಅವಳದು, ಒಂದು ಮಡಕೆ ತುಂಬ ಅವರೆಕಾಳು ಸಾರು ತಂದುಕೊಟ್ಟಳಂತೆ. ಮೂರನೇ ದಿನ ಊರ ದನ ಕಾಯೋ ಬೊಮ್ಮಜ್ಜ ಸೋರೆಬುರುಡೆ ತುಂಬ ಮಜ್ಜಿಗೆ ತಂದು, ಬಾಗಿಲಲ್ಲಿಟ್ಟು ಹೋದನಂತೆ.

ಈಗ ಕೇಳು, ಇಲ್ಲಿದೆ ನೋಡು ತೊಡಕು. ಬಂದ ಪಾತ್ರೇನ ಬರಿದಾಗಿ ಹಿಂದಕ್ಕೆ ಕೊಡಬಾರದು ಅಂತ ನಮ್ಮಲ್ಲೂ ಉಂಟಲ್ಲ, ಒಂದು ಹರಳು ಉಪ್ಪೋ ಎರಡು ಮೆಣಸಿನಕಾಯೋ ಹಾಕಿ ಕೊಡ್ತೀವಿ. ಆ ಊರಲ್ಲಿ ಸಾವಿನ ಮನೆಗೆ ಬಂದ ಪಾತ್ರೆಗೆ ಅಷ್ಟು ಸಾಲದಂತೆ. ಕಂಠದ ತನಕ ತುಂಬಿ ಕೊಡಬೇಕು, ಬರಿದು ಕೊಟ್ಟರೆ ಈ ಮನೆ ಸಂಕಟ ಆ ಮನೆಗೆ ಹೋಗುತ್ತೆ ಅಂತ ನಂಬಿಕೆ. ಇನ್ನು ಕೊಟ್ಟವರ ಕಡೆಗೂ ಒಂದು ಕಟ್ಟಳೆ. ಪಾತ್ರೆ ತಾನಾಗಿ ಹಿಂದಕ್ಕೆ ಬರೋ ತನಕ ಅವರು ಆ ಮನೆ ಹೊಸ್ತಿಲು ತುಳಿಯಂಗಿಲ್ಲ. ತುಳಿದರೆ ಪಾತ್ರೆ ಕೇಳೋಕೆ ಬಂದರು ಅಂತ ಆಗುತ್ತೆ, ಇನ್ನು ದುಃಖ ಸಾಕು ಮಾಡು ಅಂತ ಹೇಳಿದ ಹಾಗಾಗುತ್ತೆ. ಯಾರು ಮಾಡಿದರೋ ಇದನ್ನ, ಒಳ್ಳೇ ಮನಸ್ಸಿಂದಲೇ ಮಾಡಿರಬೇಕು, ಆದರೆ ಮಾಡಿದೋರ ಮನೇಲಿ ರಾಗಿ ಕಣಜ ತುಂಬಿರಬೇಕು ಅನ್ಸುತ್ತೆ ನನಗೆ.

ದೇವೀರಿ ಮನೇಲಿ ಎಲ್ಲಿತ್ತು ಕಣಜ. ಹಗ್ಗ ಹೊಸೆದು ಮಾರಿದರೆ ರಾಗಿ, ಇಲ್ಲದಿದ್ದರೆ ಇಲ್ಲ. ಹಗ್ಗ ಹೊಸೆಯೋಕೆ ಇಬ್ಬರು ಬೇಕು, ಇದ್ದೋಳು ಒಬ್ಬಳು. ಒಂದು ಹೊತ್ತು ಅಂಬಲಿ, ಒಂದು ಹೊತ್ತು ನೀರು. ಆ ಮೂರು ಪಾತ್ರೆ ಮೂಲೇಲಿ ಕೂತು ತನ್ನನ್ನೇ ನೋಡ್ತಿವೆ ಅನ್ನಿಸೋದಂತೆ ಅವಳಿಗೆ. ನೀರಿಗೆ ಹೋದರೆ ಸಾಕವ್ವ ಸಿಗ್ತಾಳೆ, ಮುನಿಯಕ್ಕ ಸಿಗ್ತಾಳೆ, ಏನು ಮುಖ ಇಟ್ಟುಕೊಂಡು ನೋಡಲಿ ಅಂತ ಉರಿಬಿಸಿಲಲ್ಲಿ ಯಾರೂ ಇಲ್ಲದಾಗ ಬಾವಿಗೆ ಹೋಗೋಳಂತೆ. ಅಪ್ಪಿತಪ್ಪಿ ಎದುರು ಸಿಕ್ಕಿದರೆ ಅವರೇ ಮುಖ ತಿರುಗಿಸಿಕೊಂಡು ಹೋಗೋರು. ಅವರು ಕಟ್ಟಳೆಗೆ ಹೆದರಿ ಹಾಗೆ ಮಾಡ್ತಿದ್ದರು, ಎಲ್ಲಿ ಪಾತ್ರೆ ಕೇಳಿದ ಹಾಗಾಗುತ್ತೋ ಅಂತ. ಬೇರೆಯವರ ಮನೆ ಸಾವಿನಲ್ಲಿ ದೇವೀರಿನೂ ಹಾಗೇ ಮಾಡಿದ್ದೋಳೇ. ಆದರೆ ಸಂಕಟ ತನ್ನ ತಲೆ ಮೇಲೆ ಬಂದು ಕೂತಾಗ ಮನುಷ್ಯರಿಗೆ ತಮ್ಮ ಕಡೆ ಮಾತ್ರ ಕಾಣೋದು. ನೋಡು, ಪಾತ್ರೆ ಕೊಡಲಿಲ್ಲ ಅಂತ ನನ್ನ ಮುಖಾನೂ ನೋಡಲ್ಲ ಇವರು ಅಂದುಕೊಂಡಳಂತೆ. ಹೂಂ ಅನ್ನೇ. ನಿದ್ದೆ ಬಂತಾ? ಇಲ್ಲವಾ, ಸರಿ.

ಆಮೇಲೆ ಹೇಗಾದರೂ ಮಾಡಿ ತುಂಬಿಸಲೇಬೇಕು ಅಂತ ಹಠ ಹಿಡಿದಳಂತೆ. ಮೊದಲು ಹೊಲದ ಕಡೆ ಹೋಗಿ, ಮಳೆಗೆ ಎದ್ದಿದ್ದ ಅಣ್ಣೆಸೊಪ್ಪು ಚಿವುಟಿ ಚಿವುಟಿ ಸಾಕವ್ವನ ತಪ್ಪಲೆ ತುಂಬಿಸಿದಳಂತೆ. ಹೊತ್ತುಕೊಂಡು ಬರ್ತಾ ಇದ್ದರೆ ಪುಟ್ನಂಜಿ ಸೆರಗು ಹಿಡಿದು, ಅವ್ವಾ ಹಸಿವು, ಅವ್ವಾ ಹಸಿವು ಅಂತು. ಪಾತ್ರೆ ಹೊಟ್ಟೆ ದೊಡ್ಡದಾ ಮಗು ಹೊಟ್ಟೆ ದೊಡ್ಡದಾ ಅಂತ ದಾರೀಲೇ ನಿಂತು ಯೋಚನೆ ಮಾಡಿದಳಂತೆ. ಏನು ಯೋಚನೆ ಮಾಡೋದಿದೆ ಅದರಲ್ಲಿ, ಮನೆಗೆ ಹೋಗಿ ಉಪ್ಪು ಹಾಕಿ ಬೇಯಿಸಿ ಇಬ್ಬರೂ ಉಂಡರು.

ಎರಡನೇ ಸಲ ಕಡಲೆಕಾಯಿ ಹೊಲದಲ್ಲಿ ಹಕ್ಕಲು ಆಯೋಕೆ ಹೋದಳಂತೆ. ಕಡಲೆಗಿಡ ಕಿತ್ತು ಒಯ್ದ ಮೇಲೆ ಮಣ್ಣಲ್ಲಿ ಉಳಿದ ಕಾಯನ್ನ ಬೆರಳಲ್ಲಿ ಕೆದಕಿ ಕೆದಕಿ ಆರಿಸೋದು, ಅದಕ್ಕೆ ಯಾರೂ ಬೇಡ ಅನ್ನಲ್ಲ. ಎಂಟು ದಿನ ಕೆದಕಿ, ಉಗುರು ಸಂದೀಲಿ ರಕ್ತ ಬಂದು, ಮುನಿಯಕ್ಕನ ಮಡಕೆ ಕಂಠದ ತನಕ ತುಂಬ್ತಂತೆ. ಇನ್ನೇನು ನಾಳೆ ಕೊಡಬೇಕು, ಆಗ ಹಿಂಗಾರು ಮಳೆ ಹಿಡೀತು. ಚಾವಣಿ ಹುಲ್ಲು ಕೊಳೆತಿತ್ತು, ಒಲೆ ಮೇಲೇ ನೀರು. ಹುಲ್ಲು ಹೊದಿಸೋನು ಬಿಟ್ಟಿ ಬರ್ತಾನಾ, ಆ ಮಡಕೆ ಕಡಲೆಕಾಯೆಲ್ಲ ಅವನ ಚೀಲಕ್ಕೆ ಹೋಯ್ತಂತೆ.

ಮೂರನೇ ಸಲ, ಮಾಯಣ್ಣ ಇದ್ದಾಗ ಒಣಗಿಸಿ ಅಟ್ಟದ ಮೇಲಿಟ್ಟಿದ್ದ ನಾರಿತ್ತಲ್ಲ, ಅದನ್ನ ಇಳಿಸಿದಳಂತೆ. ಒಂದು ತುದೀನ ಹೊಂಗೆ ಮರಕ್ಕೆ ಕಟ್ಟಿ ನಾರು ಬಿಡೋದು, ಓಡಿ ಬಂದು ತಿರುಗಣೆ ತಿರುಗಿಸೋದು, ಮತ್ತೆ ಓಡಿ ಹೋಗಿ ನಾರು ಬಿಡೋದು. ಹೀಗೆ ಬೆಳಗಿಂದ ಬೈಗಿನ ತನಕ ಬೀದೀಲಿ ಓಡಿದಳಂತೆ. ಮುನಿಯಕ್ಕ ತನ್ನ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನೋಡ್ತಿದ್ದಳು. ನಗ್ತಿದಾಳೆ ನನ್ನ ನೋಡಿ ಅಂದುಕೊಂಡು ದೇವೀರಿ ತಲೆ ಎತ್ತಲಿಲ್ಲ. ಹಗ್ಗ ಏನೋ ಆಯ್ತು, ಆದರೆ ಅಲ್ಲಿ ದಪ್ಪ ಇಲ್ಲಿ ಸಣ್ಣ, ಇಲಿ ನುಂಗಿದ ಹಾವಿನ ಹಾಗೆ. ಗೌಡರ ಮನೆ ಆಳು ಪಾಪ ಅಂತ ತಗೊಂಡು ಹೋಗಿ ಬಾವಿಗಿಳಿಸಿದ, ಮೊದಲನೇ ಕೊಡಕ್ಕೇ ಕಿತ್ತುಹೋಗಿ ಕೊಡ ಬಾವಿ ಪಾಲಾಯ್ತಂತೆ. ಅವತ್ತು ದೇವೀರಿ ಬಾಗಿಲು ಹಾಕಿಕೊಂಡೋಳು ಮೂರು ದಿನ ತೆಗೀಲಿಲ್ಲವಂತೆ.

ಅಷ್ಟರಲ್ಲಿ ಅವಳ ಅಣ್ಣ ಹೇಳಿ ಕಳಿಸಿದ. ಅವನೂರು ಎರಡು ಗಾವುದ ದೂರ. ಬರೋದಾದರೆ ಬಂದುಬಿಡು, ಅತ್ತಿಗೆಗೆ ಕೊಟ್ಟಿಗೆ ಕೆಲಸಕ್ಕೆ ಒಬ್ಬರು ಬೇಕು, ಮಗು ಕರು ಮೇಯಿಸಲಿ, ಆದರೆ ಆ ತಿರುಗಣೆ ಗಿರುಗಣೆ ಹೊತ್ತುಕೊಂಡು ಬರಬೇಡ, ಇಡೋಕೆ ಜಾಗ ಇಲ್ಲ ಅಂತ. ದೇವೀರಿಗೆ ಹೋಗೋಕೆ ಮನಸ್ಸಿಲ್ಲ. ಮಾಯಣ್ಣ ನಡೆದ ಬೀದಿ ಇದು, ಇದನ್ನ ಬಿಟ್ಟು ಹೋದರೆ ಅವನನ್ನ ಇನ್ನೊಂದು ಸಲ ಮಣ್ಣು ಮಾಡಿದ ಹಾಗೆ. ಆದರೂ ಮಗು ಹೊಟ್ಟೆ ನೋಡಿ, ಸೋಮವಾರ ಹೊರಟುಬಿಡೋದು ಅಂತ ಗಟ್ಟಿ ಮಾಡಿಕೊಂಡಳಂತೆ. ಹರಕು ಸೀರೇಲಿ ಗಂಟು ಕಟ್ಟಿದಳು. ಉಳಿದಿದ್ದು ಆ ಮೂರು ಪಾತ್ರೆ. ಒಯ್ಯೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗಿಲ್ಲ. ಭಾನುವಾರ ಮಟಮಟ ಮಧ್ಯಾಹ್ನ, ಜನ ಎಲ್ಲ ಹೊಲಕ್ಕೆ ಹೋಗಿರ್ತಾರೆ, ಅವರವರ ಹೊಸ್ತಿಲಲ್ಲಿ ಕದ್ದು ಇಟ್ಟು ಬಂದುಬಿಡ್ತೀನಿ, ಬರಿದು ಕೊಟ್ಟಳು ಅಂತ ಬೈಕೊಂಡರೆ ಬೈಕೊಳ್ಳಲಿ, ಕೇಳೋಕೆ ನಾನಿರಲ್ಲವಲ್ಲ ಅಂದುಕೊಂಡು, ಮಗೂನ ಮಲಗಿಸಿ ಹೊರಟಳಂತೆ.

ಮೊದಲು ಸಾಕವ್ವನ ಮನೆ. ಮೆಲ್ಲಗೆ ತಪ್ಪಲೆ ಇಡೋಕೆ ಬಗ್ಗಿದಳು, ಒಳಗೆ ಒಲೆ ಮುಂದೆ ಸಾಕವ್ವ ಕೂತಿದ್ದಾಳೆ. ಅಂಗೈಯಗಲದ ಒಂದು ಕುಡಿಕೇಲಿ ಅನ್ನ ಬೇಯಿಸ್ತಾ ಇದ್ದಾಳೆ, ಒಂದು ಸಲ ಬೇಯಿಸಿ ಎಲೆಗೆ ಸುರಿದು, ಎರಡನೇ ಸಲ ಮತ್ತೆ ಇಟ್ಟಿದ್ದಾಳೆ. ಇದ್ದ ಒಂದೇ ತಪ್ಪಲೇನ ಇವಳಿಗೆ ಕೊಟ್ಟು ಆರು ತಿಂಗಳಿಂದ ಹಾಗೇ ಮಾಡಿಕೊಂಡು ಉಣ್ತಿದ್ದಳಂತೆ ಆ ಮುದುಕಿ. ಇದನ್ನ ಕಂಡ ಮೇಲೆ ದೇವೀರಿಗೆ ಕದ್ದು ಇಟ್ಟು ಹೋಗೋಕೆ ಮನಸ್ಸು ಬರಲಿಲ್ಲ. ತಪ್ಪಲೆ ಕೈಯಲ್ಲಿ ಹಿಡಿದು ನಿಂತುಬಿಟ್ಟಳಂತೆ.

"ಬರಿದಾಗಿ ತಂದಿದೀನಿ ಕಣವ್ವಾ. ತುಂಬೋಕೆ ನನ್ನ ಕೈಲಿ ಆಗಲಿಲ್ಲ."

ಸಾಕವ್ವ ತಪ್ಪಲೆ ಕಡೆ ನೋಡಲೇ ಇಲ್ಲವಂತೆ. ಎದ್ದು ಬಂದು ಇವಳ ರಟ್ಟೆ ಹಿಡಕೊಂಡಳು.

"ಬರಿದೆಲ್ಲಿ ಬಂತೇ, ನೀನು ಬಂದೆಯಲ್ಲ."

ಅಷ್ಟೇ ನೋಡು. ಆರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಅವತ್ತು ಬಿಟ್ಟುಕೊಳ್ತಂತೆ. ಸಾಕವ್ವನ ಮಡಿಲಲ್ಲಿ ಬಿದ್ದು ದೇವೀರಿ ಅತ್ತಳು ಅತ್ತಳು, ಸೀರೆಯೆಲ್ಲ ಒದ್ದೆ. ಸಾಕವ್ವ ಅಳಬೇಡ ಅನ್ನಲಿಲ್ಲ, ಹೋದೋರು ಬರ್ತಾರಾ ಅನ್ನಲಿಲ್ಲ, ದೇವರಿದಾನೆ ಅಂತಾನೂ ಅನ್ನಲಿಲ್ಲ. ಬೆನ್ನು ಸವರ್ತಾ ಕೂತಿದ್ದಳಂತೆ. ಕುಡಿಕೆ ಅನ್ನ ಸೀದು ಕರಕಾಯ್ತು, ಅದಕ್ಕೂ ಏಳಲಿಲ್ಲವಂತೆ.

ಅತ್ತ ಮೇಲೆ ಸ್ವಲ್ಪ ಧೈರ್ಯ ಬಂತು. ಮಡಕೆ ತಗೊಂಡು ಮುನಿಯಕ್ಕನ ಮನೆಗೆ ಹೋದಳಂತೆ. ಮುನಿಯಕ್ಕ ಇವಳನ್ನ ಕಂಡಿದ್ದೇ ತಡ, ಶುರುಮಾಡಿದಳು ನೋಡು ಬೈಗುಳ. ಅಲ್ಲ ಕಣಮ್ಮಿ, ನಿಂಗೇನು ದೊಡ್ಡ ರೋಗ ಬಂದಿತ್ತು, ಕದ್ದು ನೀರಿಗೆ ಹೋಗ್ತೀಯ, ಕಂಡರೆ ತಲೆ ಬಗ್ಗಿಸ್ತೀಯ, ಆ ದಿನ ಮರಕ್ಕೆ ಕಟ್ಟಿಕೊಂಡು ಒದ್ದಾಡ್ತಿದ್ದರೆ ನನ್ನ ಕೈ ಹೆಂಗೆ ತುರಿಸ್ತಿತ್ತು ಗೊತ್ತಾ, ಒಂದು ಸಲ ಅಕ್ಕಾ ಅಂದಿದ್ದರೆ ಆ ಹಾಳು ಕಟ್ಟಳೆ ಮನೆ ಹಾಳಾಗ ಅಂತ ಬಂದುಬಿಡ್ತಿದ್ದೆ, ನೀವಿಬ್ಬರೂ ಕೂಗಾಡ್ತಿದ್ದ ಬೀದಿ ಈಗ ಮಸಣದ ಹಾಗಿದೆ, ನನ್ನ ಆಡುಗಳೂ ಮಂಕಾಗಿವೆ. ಬೈತಾ ಬೈತಾ ಅವಳ ಕಣ್ಣಲ್ಲೂ ನೀರು. ದೇವೀರಿಗೆ ಬೈಸಿಕೊಂಡಷ್ಟೂ ಹಾಯನ್ನಿಸಿತಂತೆ. ಆರು ತಿಂಗಳಿಂದ ಅವಳನ್ನ ಯಾರೂ ಬೈದೇ ಇರಲಿಲ್ಲ ಕೂಸೇ, ಎಲ್ಲರೂ ಪಾಪ ಪಾಪ ಅಂತಿದ್ದರು ಅಷ್ಟೇ.

ಆಮೇಲೆ ಸೋರೆಬುರುಡೆ ತಗೊಂಡು ಕೆರೆ ಏರಿ ಮೇಲೆ ದನ ಕಾಯ್ತಿದ್ದ ಬೊಮ್ಮಜ್ಜನ ಹತ್ತಿರ ಹೋದಳಂತೆ. ಬೊಮ್ಮಜ್ಜ ಮಾತು ಕಮ್ಮಿ. ಬುರುಡೆ ತಗೊಂಡು ಪಕ್ಕಕ್ಕಿಟ್ಟು, ಕೂತ್ಕೋ ತಾಯಿ ಅಂದ. ದನದ ಮೇಲೆ ಕಣ್ಣಿಟ್ಟುಕೊಂಡೇ, ಮಾಯಣ್ಣ ಇಲ್ಲೇ ಬಂದು ಕೂತ್ಕೋತಿದ್ದ ಅಂತ ಶುರುಮಾಡಿದನಂತೆ. ಒಂದು ದಿನ ಅವನ ಕಾಲಿಗೆ ಮುಳ್ಳು ಹೊಕ್ಕಿತ್ತು, ನಾನೇ ತೆಗೆದೆ. ಹಿಂದುಹಿಂದಕ್ಕೆ ನಡೀತೀಯಲ್ಲೋ, ಏನು ಕಸುಬೋ ನಿಂದು ಅಂದೆ. ಅದಕ್ಕವನು ನಗ್ತಾ, ಎಲ್ಲರೂ ಕೆಲಸಕ್ಕೆ ಹೋಗೋವಾಗ ಹೆಂಡತಿಗೆ ಬೆನ್ನು ತಿರುಗಿಸಿ ಹೋಗ್ತಾರೆ ಅಜ್ಜಾ, ನಾನು ಎಷ್ಟು ದೂರ ಹೋದರೂ ದೇವೀರಿ ಮುಖ ನೋಡ್ತಾನೇ ಹೋಗ್ತೀನಿ ಅಂದ.

ಇದು ದೇವೀರಿಗೆ ಗೊತ್ತೇ ಇರಲಿಲ್ಲವಂತೆ. ಅವಳಿಗೆ ಅವನು ಯಾವತ್ತೂ ಹೇಳಿರಲಿಲ್ಲ, ಸಾರಿಗೆ ಉಪ್ಪು ಜಾಸ್ತಿ ಅಂತ ಮಾತ್ರ ಹೇಳ್ತಿದ್ದ. ಇನ್ನೊಂದು ಸಲ ಹೇಳಜ್ಜಾ ಅಂದಳು. ಬೊಮ್ಮಜ್ಜ ಹೇಳಿದ. ಇನ್ನೊಂದೇ ಸಲ ಅಂದಳು. ಮೂರನೇ ಸಲಾನೂ ಹೇಳಿದನಂತೆ, ಒಂಚೂರೂ ಬೇಸರ ಇಲ್ಲದೆ, ಮೂರನೇ ಸಲಕ್ಕೆ ಮಾಯಣ್ಣ ನಕ್ಕಿದ್ದು ಹೇಗೆ ಅಂತಾನೂ ಸೇರಿಸಿ. ನಮ್ಮೋರು ಹೋದ ಮೇಲೆ ಅವರ ಹೆಸರೆತ್ತೋರು ಬೇಕು ಕೂಸೇ, ಜನ ನೋವಾಗುತ್ತೆ ಅಂತ ಎತ್ತಲ್ಲ, ಎತ್ತದಿದ್ದರೇ ನೋವು ಜಾಸ್ತಿ. ನಿಮ್ಮ ತಾತನ ವಿಷಯ ನೀನು ಕೇಳ್ತೀಯಲ್ಲ, ನಂಗೆಷ್ಟು ಖುಷಿ ಆಗುತ್ತೆ ಗೊತ್ತಾ. ಇರಲಿ, ಇರಲಿ, ಕತೆಗೆ ಬರ್ತೀನಿ.

ಸೋಮವಾರ ಬೆಳಗಾಯ್ತಂತೆ. ದೇವೀರಿ ಬಾಗಿಲು ತೆಗೆದರೆ ತಿರುಗಣೆ ಮುಂದೆ ಮುನಿಯಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಬೊಮ್ಮಜ್ಜ ದನದ ಮಂದೆ ಹೊಡಕೊಂಡು ಹೋಗ್ತಾ ಹೋಗ್ತಾ, ಹನ್ನೆರಡು ಕಣ್ಣಿ ಬೇಕು, ಮನೆಮನೆಯಿಂದ ರಾಗಿ ಎತ್ತಿಸಿ ಕೊಡ್ತೀನಿ ಅಂತ ಹೇಳಿ ಹೋದನಂತೆ. ಗಂಟು ಕಟ್ಟಿಟ್ಟಿದೀನಲ್ಲ ಅಕ್ಕಾ, ಅಣ್ಣನ ಮನೆಗೆ ಹೊರಟೋಳು ನಾನು ಅಂದಳು ದೇವೀರಿ. ಗಂಟಿಗೇನು, ಅನ್ನ ಬೇಡ ನೀರು ಬೇಡ, ಬಿದ್ದಿರುತ್ತೆ, ಉಳಿದಿರೋ ನಾರು ತಗೊಂಡು ಬಾ ಅಂದಳಂತೆ ಮುನಿಯಕ್ಕ.

ದೇವೀರಿ ಯಾವತ್ತೂ ನಡೆದೋಳಲ್ಲ, ಹತ್ತು ವರ್ಷ ತಿರುಗಣೆ ಹಿಡಿದು ಕೂತೋಳು. ಈಗ ಸೊಂಟಕ್ಕೆ ನಾರು ಕಟ್ಟಿಕೊಂಡು ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟಳು. ಬೆನ್ನ ಹಿಂದೆ ಏನಿದೆ ಅಂತ ಕಾಣಲ್ಲ, ತಿರುಗಿ ನೋಡೋ ಹಾಗಿಲ್ಲ, ತಿರುಗಿದರೆ ಎಳೆ ಸಡಿಲ ಆಗುತ್ತೆ. ಎಡಕ್ಕೆ ಬಾರೇ, ಹಿಂದೆ ಕಲ್ಲಿದೆ ಅಂತ ಮುನಿಯಕ್ಕ ಕೂಗಿದಳು. ಈಗ ಬಲಕ್ಕೆ, ಕೋಳಿ ಮಲಗಿದೆ ಅಂತ ಸಾಕವ್ವ ಜಗಲಿಯಿಂದ ಕೂಗಿದಳು. ಹಾಗೇ ಹೋಗ್ತಾ ಹೋಗ್ತಾ ಬೀದಿ ಅರ್ಧಕ್ಕೆ ಬಂದಾಗ ದೇವೀರಿ ತಲೆ ಎತ್ತಿ ತಿರುಗಣೆ ಕಡೆ ನೋಡಿದಳಂತೆ. ಇಲ್ಲಿಂದಲೇ ಅಲ್ಲವಾ ಅವನು ನನ್ನ ನೋಡ್ತಿದ್ದಿದ್ದು ಅಂತ ನೆನಪಾಯ್ತು. ಕಣ್ಣು ತುಂಬಿ ಹರೀತು. ಎರಡು ಕೈಯಲ್ಲೂ ನಾರು, ಒರೆಸಿಕೊಳ್ಳೋ ಹಾಗಿಲ್ಲ. ಹೊಸೆಯೋದನ್ನ ಮಧ್ಯದಲ್ಲಿ ಬಿಡೋ ಹಾಗೂ ಇಲ್ಲ. ಏನು ಮಾಡಲಿ ಅಂತ ನಿಂತಳಂತೆ.

ಮುನಿಯಕ್ಕ ನೋಡಿದಳು. ತಿರುಗಣೆ ನಿಲ್ಲಿಸಲಿಲ್ಲವಂತೆ.

"ಅಳು ಕಣಮ್ಮಿ, ಅಳ್ತಾನೇ ನಡಿ. ಈ ತುದಿ ನಾನು ಹಿಡಕೊಂಡಿದೀನಿ."

ದೇವೀರಿ ಅಳ್ತಾನೇ ನಡೆದಳಂತೆ. ಬೀದಿ ಕೊನೆ ತನಕ ನಡೆದಳಂತೆ. ಎಳೆ ಒಂದೇ ಸಮ ಬಂತು, ಮಾಯಣ್ಣನ ಕೈಯಷ್ಟು ನಯ ಇರಲಿಲ್ಲ, ಗಟ್ಟಿ ಇತ್ತು. ಸಂಜೆ ಅಣ್ಣನ ಊರ ಕಡೆ ಹೊರಟಿದ್ದ ಗಾಡಿಯವನ ಕೈಲಿ ಹೇಳಿ ಕಳಿಸಿದಳಂತೆ, ಬರೋಕಾಗಲ್ಲ, ಇಲ್ಲಿ ಹಗ್ಗ ಅರ್ಧ ಆಗಿದೆ ಅಂತ.

ಆಮೇಲೆ ಶ್ರೀಮಂತಳಾದಳಾ ಅಂತ ಕೇಳ್ತೀಯ. ಇಲ್ಲ ಕೂಸೇ, ಒಂದು ಹೊತ್ತಿನ ಅಂಬಲಿ ಎರಡು ಹೊತ್ತಿನ ಮುದ್ದೆ ಆಯ್ತು, ಹಬ್ಬಕ್ಕೆ ಪುಟ್ನಂಜಿಗೊಂದು ಲಂಗ ಬಂತು, ಅಷ್ಟೇ. ಮುನಿಯಕ್ಕ ಕೂಲಿ ತಗೊಳ್ಳಲಿಲ್ಲ, ಆಡಿಗೆ ಹಗ್ಗ ತಗೊಂಡಳು. ಅಳು ನಿಂತಿತಾ ಅಂದರೆ ಅದೂ ಇಲ್ಲ, ವರ್ಷಗಟ್ಟಲೆ ಬರ್ತಾನೇ ಇತ್ತಂತೆ. ಬಂದಾಗ ಬೀದಿ ನಡುವೇನೇ ಅಳೋಳು, ಎಲ್ಲರಿಗೂ ಕಾಣೋ ಹಾಗೆ. ಎಡಕ್ಕೆ ಬಾರೇ, ಬಲಕ್ಕೆ ಬಾರೇ ಅಂತ ಯಾರಾದರೊಬ್ಬರು ಆ ತುದಿಯಿಂದ ಕೂಗೋರು. ಇವತ್ತು ಏನೇ ಸಾರು ಅಂತ ಸಾಕವ್ವ ಜಗಲಿಯಿಂದ ಕೇಳೋಳು, ಹುರುಳಿ ಬಸ್ಸಾರು ಕಣವ್ವಾ, ಬಾ ಉಣ್ಣೋಕೆ ಅಂತ ಇವಳು ಕೂಗೋಳಂತೆ.

ಅವರು ಉಣ್ಣೋಕೆ ಕೂತರು, ನನ್ನ ಕತೆ ಮುಗೀತು. ಹೂಂ ಅನ್ನೋದೂ ನಿಂತುಹೋಯ್ತಲ್ಲ. ಮಲಕ್ಕೋ ಕಂದಾ, ನಾನಿಲ್ಲೇ ಇದೀನಿ.